ಬ್ಯಾಟರಿ ಚಾರ್ಜಿಂಗ್ ಮತ್ತು ನಿಗಾ: ಮಧುಗಿರಿ ಉಪವಿಭಾಗ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕುಗಳಿವೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇಲ್ಲಿನ ಮನೆ, ತೋಟ, ಹೊಲ ಮತ್ತು ವಾಹನಗಳಲ್ಲಿ ಬಳಕೆಯಲ್ಲಿರುವ ಬ್ಯಾಟರಿಗಳನ್ನು ತುಂಬುವ, ಅವುಗಳ ಸ್ಥಿತಿಯನ್ನು ಅಳೆಯುವ ಮತ್ತು ಕಾಪಾಡುವ ಕ್ರಮ ಈ ಲೇಖನದ ವಿಷಯ. ಪೇಟೆ ಮನೆಯ ಯುಪಿಎಸ್, ತೋಟದ ಮನೆಯ ಸೋಲಾರ್ ದೀಪ, ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿ, ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಬ್ಯಾಟರಿ ಪಂಪು, ಲಾರಿ, ಟ್ರ್ಯಾಕ್ಟರ್ ಹೀಗೆ ಕೆಲಸ ಬೇರೆ ಬೇರೆಯಾದರೂ ಬಹುಪಾಲು ಕಡೆ ಇರುವುದು ಸೀಸ ಮತ್ತು ಆ್ಯಸಿಡ್‌ನ ಬ್ಯಾಟರಿಯೇ. ಈಚೆಗೆ ಲಿಥಿಯಂ ಬ್ಯಾಟರಿಯೂ ಬರತೊಡಗಿದೆ.

ಈ ಸೀಮೆಯಲ್ಲಿ ಬ್ಯಾಟರಿಗಳು ಹೆಚ್ಚಾಗಿ ವಯಸ್ಸಾಗಿ ಹೋಗುವುದಿಲ್ಲ. ಪೂರ್ತಿ ತುಂಬದೆ, ಕಾವಿಗೆ ಸಿಕ್ಕಿ, ಕಂಡ ನೀರು ಕುಡಿದು ಹೋಗುತ್ತವೆ. ಬಳಸಿ ಸವೆದು ಹೋದ ಬ್ಯಾಟರಿಗಿಂತ ಅರ್ಧಂಬರ್ಧ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಕೂತು ಹಾಳಾದ ಬ್ಯಾಟರಿಯೇ ಗುಜರಿಗೆ ಮೊದಲು ಸೇರುತ್ತದೆ.

ಹಿನ್ನೆಲೆ

ನಾಲ್ಕೂ ತಾಲ್ಲೂಕುಗಳು ಬಯಲುಸೀಮೆಯವು, ಮಳೆಯ ನೆರಳಿನಲ್ಲಿರುವವು. ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಆಂಧ್ರಪ್ರದೇಶ ಬಹುತೇಕ ಎಲ್ಲ ದಿಕ್ಕಿನಿಂದಲೂ ಆವರಿಸಿಕೊಂಡಿರುವ ಈ ತಾಲ್ಲೂಕಿನಲ್ಲಿ ಮಳೆಗೆ ಬರ, ಬಿಸಿಲಿಗೆ ಬರವಿಲ್ಲ. ಆ ಬಿಸಿಲನ್ನೇ ನಂಬಿ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಬಳಸಮುದ್ರ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 'ಶಕ್ತಿಸ್ಥಳ' ಸೋಲಾರ್ ಪಾರ್ಕ್ ಎದ್ದಿತು. ಇದಕ್ಕೆಂದೇ 2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿಕೊಂಡಿತು. ರೈತರಿಂದ ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷದ ಗುತ್ತಿಗೆಗೆ ಪಡೆಯಲಾಯಿತು. ಪಾರ್ಕ್ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಗೆ ಅದರ ಸಾಮರ್ಥ್ಯ ಪೂರ್ತಿ 2,050 ಮೆಗಾವಾಟ್ ಮುಟ್ಟಿತು.

ಇಷ್ಟು ದೊಡ್ಡ ಪಾರ್ಕನ್ನು ಕಟ್ಟಿದ್ದು ಬ್ಯಾಟರಿಯನ್ನು ನಂಬಿ ಅಲ್ಲ. ಹಗಲು ಹುಟ್ಟಿದ ಕರೆಂಟು ಆಗಿಂದಾಗಲೇ ತಿರುಮಣಿಯ ಸಬ್‌ಸ್ಟೇಷನ್ ಮೂಲಕ 400 ಕಿಲೋವೋಲ್ಟ್ ಮಾರ್ಗಕ್ಕೆ ಸೇರಿ ಗ್ರಿಡ್‌ನಲ್ಲಿ ಕರಗುತ್ತದೆ. ಪಕ್ಕದ ಊರಿನ ಮನೆಗೆ ರಾತ್ರಿ ಬೆಳಕು ಬೇಕಾದರೆ ಅದು ಬೇರೆ ವಿದ್ಯುತ್ ಸ್ಥಾವರದಿಂದ ಬರಬೇಕು, ಇಲ್ಲವೇ ಆ ಮನೆಯದೇ ಬ್ಯಾಟರಿಯಿಂದ. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಸ್ಥಳೀಯ ಕಟ್ಟಿಗೆಯಿಂದ ಅನಿಲ ತೆಗೆದು ಕರೆಂಟು ಹುಟ್ಟಿಸುವ ಪ್ರಯೋಗವೂ ನಡೆದಿತ್ತು. ಅಲ್ಲಿ ಶಕ್ತಿಯ ದಾಸ್ತಾನು ಕಟ್ಟಿಗೆಯ ರಾಶಿಯಲ್ಲಿತ್ತು. ಬ್ಯಾಟರಿ ಬೇಕಿರಲಿಲ್ಲ, ಆದರೆ ಮಳೆಯಿಂದ ಕಟ್ಟಿಗೆ ಕಾಯುವ ಕೆಲಸ ತಪ್ಪುತ್ತಿರಲಿಲ್ಲ.

ವಿದ್ಯುತ್ ಹಂಚುವ ಬೆಸ್ಕಾಂ ಜಾಲದಲ್ಲಿ ಊರಿನ ಮನೆಗಳ ಮಾರ್ಗ ಬೇರೆ, ಕೊಳವೆಬಾವಿ ಮೋಟಾರುಗಳ ಮಾರ್ಗ ಬೇರೆ. ನಿರಂತರ ಜ್ಯೋತಿ ಯೋಜನೆ ಈ ಎರಡನ್ನು ಬೇರ್ಪಡಿಸಿತು. ಮೋಟಾರುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಊರೊಳಗಿನವರಿಗೆ ಇದರಿಂದ ಅನುಕೂಲವಾಯಿತು. ತೊಂದರೆ ಉಳಿದದ್ದು ತೋಟದ ಮನೆಗಳಿಗೆ: ಅವು ಮೋಟಾರಿನ ಮಾರ್ಗದಲ್ಲೇ ಇವೆ. ಅಲ್ಲಿ ತ್ರೀ ಫೇಸ್ ಹೋದ ಮೇಲೆ ಸಿಂಗಲ್ ಫೇಸ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಬ್ಯಾಟರಿಯ ವಿದ್ಯೆ ನಿಜಕ್ಕೂ ಬೇಕಾಗುವುದು ಇಂಥ ಮನೆಗೆ. ಪೇಟೆಯ ಯುಪಿಎಸ್‌ಗೆ ಬ್ಯಾಟರಿ ಆಪತ್ಕಾಲದ ಸರಕು, ತೋಟದ ಮನೆಗೆ ಅದೇ ದಿನನಿತ್ಯದ ಕರೆಂಟು. ನೀರಿನ ಮೇಲೆ ದೋಣಿಯಲ್ಲೇ ಸಂಸಾರ ಹೂಡಿದವರದ್ದೂ ಇದೇ ಸ್ಥಿತಿ. ಇಂಗ್ಲೆಂಡಿನ ಕಾಲುವೆ ದೋಣಿಗಳಲ್ಲಿ ವಾಸಿಸುವವರು ಕಲಿಯಬೇಕಾದ ಮೊದಲ ಪಾಠ ಅಡುಗೆಯೂ ಅಲ್ಲ, ಚುಕ್ಕಾಣಿಯೂ ಅಲ್ಲ. ಇವತ್ತು ಖರ್ಚಾದದ್ದೆಷ್ಟು, ತುಂಬಿದ್ದೆಷ್ಟು ಎಂಬ ಲೆಕ್ಕ. ಪಾವಗಡದ ಒಂಟಿ ತೋಟದ ಮನೆಯಲ್ಲಿ ಸುತ್ತ ನೀರಿಲ್ಲ ಎಂಬುದಷ್ಟೇ ವ್ಯತ್ಯಾಸ.

ಒಳಗೆ ನಡೆಯುವುದು

ಮರುಪೂರಣ ಮಾಡಬಹುದಾದ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟೋನ್ ಪ್ಲಾಂಟೆ ರೂಪಿಸಿದ. ಮೂಲ ತತ್ತ್ವ ಇಂದಿಗೂ ಅದೇ. ಪ್ಲಸ್ ಪ್ಲೇಟಿನಲ್ಲಿ ಸೀಸದ ಡೈಆಕ್ಸೈಡ್, ಮೈನಸ್ ಪ್ಲೇಟಿನಲ್ಲಿ ಸ್ಪಂಜಿನಂಥ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ. ಕರೆಂಟು ತೆಗೆದಂತೆ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆ್ಯಸಿಡ್ ತೆಳುವಾಗುತ್ತದೆ. ಚಾರ್ಜ್ ಹಾಕಿದಾಗ ಸಲ್ಫೇಟ್ ಕರಗಿ ಆ್ಯಸಿಡ್ ಮತ್ತೆ ಗಟ್ಟಿಯಾಗುತ್ತದೆ. ಹೊಸದಾಗಿ ಕೂತ ಸಲ್ಫೇಟ್ ಮೆದು, ಬೇಗ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಅದು ಗಟ್ಟಿ ಹರಳಾಗುತ್ತದೆ. ಹರಳಾದ ಭಾಗ ಮತ್ತೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ 90 ಎಎಚ್‌ನಂತೆ ನಡೆದುಕೊಳ್ಳತೊಡಗುತ್ತದೆ. ಪ್ಲೇಟು ಹೋಯಿತು ಎಂದು ಅಂಗಡಿಯವರು ಹೇಳುವುದರಲ್ಲಿ ಹಲವು ಸಲ ಇದೇ ಇರುತ್ತದೆ.

ಕಡಲೆಕಾಯಿ ಹೊಲಗಳ ಬ್ಯಾಟರಿ ಪಂಪು ಇದಕ್ಕೆ ಒಳ್ಳೆಯ ನಿದರ್ಶನ. ಅದರೊಳಗಿರುವುದು 8 ಅಥವಾ 12 ಎಎಚ್‌ನ ಚಿಕ್ಕ ಮುಚ್ಚಿದ ಬ್ಯಾಟರಿ. ಔಷಧಿ ಹೊಡೆಯುವ ದಿನಗಳಲ್ಲಿ ಅದನ್ನು ತಪ್ಪದೆ ಚಾರ್ಜಿಗೆ ಹಾಕುತ್ತಾರೆ. ಕೊನೆಯ ಸಲ ಹೊಡೆದಾದ ಮೇಲೆ ಖಾಲಿ ಬ್ಯಾಟರಿಯನ್ನು ಹಾಗೆಯೇ ಅಟ್ಟಕ್ಕೆ ಸೇರಿಸುತ್ತಾರೆ. ಮುಂದಿನ ಮುಂಗಾರಿಗೆ ಇಳಿಸಿದಾಗ ಅದು ಅರ್ಧ ಕ್ಯಾನ್ ಹೊಡೆಯುವಷ್ಟರಲ್ಲಿ ನಿಲ್ಲುತ್ತದೆ, ಬೈಗುಳ ಕಂಪನಿಗೆ ಬೀಳುತ್ತದೆ. ಕೆಡಿಸಿದ್ದು ಕೆಲಸವಲ್ಲ, ಬಿಡುವು. ಎತ್ತಿಡುವ ಮುಂಚೆ ಪೂರ್ತಿ ತುಂಬಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಿದ್ದರೆ ಅದೇ ಬ್ಯಾಟರಿ ಇನ್ನೂ ಹಲವು ಹಂಗಾಮು ಬರುತ್ತಿತ್ತು.

ತುಂಬುವ ಹಂತಗಳು

ಮೊದಲ ಹಂತದಲ್ಲಿ ಚಾರ್ಜರ್ ತನ್ನ ಶಕ್ತಿಯಿದ್ದಷ್ಟು ಕರೆಂಟು ನೂಕುತ್ತದೆ, ವೋಲ್ಟೇಜ್ ಮೆಲ್ಲಗೆ ಏರುತ್ತದೆ. 12 ವೋಲ್ಟಿನ ನೀರು ಹಾಕುವ ಬ್ಯಾಟರಿಗೆ ಅದು 14.4ರಿಂದ 14.8 ವೋಲ್ಟ್ ಮುಟ್ಟುವಾಗ ಸುಮಾರು ಮುಕ್ಕಾಲು ಭಾಗ ತುಂಬಿರುತ್ತದೆ. ಎರಡನೆಯ ಹಂತದಲ್ಲಿ ವೋಲ್ಟೇಜನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು, ಬ್ಯಾಟರಿ ಎಳೆದುಕೊಳ್ಳುವ ಕರೆಂಟು ತಾನಾಗಿ ಇಳಿಯುತ್ತ ಹೋಗುತ್ತದೆ. ಕಡಲೆಕಾಯಿ ಮೂಟೆ ಬಾಯಿವರೆಗೆ ಬಂದಂತೆ ಕಂಡರೂ ಅಲ್ಲಾಡಿಸಿ ಕುಕ್ಕಿದರೆ ಇನ್ನಷ್ಟು ಹಿಡಿಯುವ ಹಾಗೆ, ಕೊನೆಯ ಈ ಕಾಲು ಭಾಗಕ್ಕೆ ಆತುರ ನಡೆಯುವುದಿಲ್ಲ. ಮೂರು ನಾಲ್ಕು ಗಂಟೆ ಬೇಕು. ಮೂರನೆಯದು ತುಂಬಿದ ಬ್ಯಾಟರಿಯನ್ನು 13.5ರಿಂದ 13.8 ವೋಲ್ಟಿನಲ್ಲಿ ಕಾಯ್ದುಕೊಳ್ಳುವ ಹಂತ.

ಎಲ್ಲರೂ ಕಳೆದುಕೊಳ್ಳುವುದು ಎರಡನೆಯ ಹಂತವನ್ನು. ಸೋಲಾರ್‌ನಲ್ಲಿ ಬ್ಯಾಟರಿ ಆ ಮಟ್ಟ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಆಮೇಲೆ ಬಿಸಿಲು ಸಾಲದು. ದಿನವೂ ಮುಕ್ಕಾಲಿಗೇ ನಿಂತರೆ ಉಳಿದ ಕಾಲು ಭಾಗದ ಸಲ್ಫೇಟ್ ಹರಳಾಗುತ್ತಲೇ ಹೋಗುತ್ತದೆ. ಜೊತೆಗೆ ಗಟ್ಟಿ ಆ್ಯಸಿಡ್ ತಳಕ್ಕೆ ಇಳಿದು ತೆಳು ಆ್ಯಸಿಡ್ ಮೇಲೆ ನಿಲ್ಲುತ್ತದೆ. ಚಾರ್ಜಿನ ಕೊನೆಯಲ್ಲಿ ಬರುವ ಗುಳ್ಳೆಗಳು ಅದನ್ನು ಕಲಕಬೇಕು, ಗುಳ್ಳೆ ಬರುವ ಮಟ್ಟಕ್ಕೇ ಚಾರ್ಜ್ ಹೋಗದಿದ್ದರೆ ಕಲಕುವುದು ಯಾವುದು? ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬೇಡಿಕೆಯನ್ನು ಕಡಿಮೆ ಮಾಡಿ ಬ್ಯಾಟರಿಗೆ ಪೂರ್ತಿ ಒಂದು ದಿನದ ಬಿಸಿಲು ಕೊಡಬೇಕು, ಇಲ್ಲವೇ ಕರೆಂಟಿನ ಚಾರ್ಜರ್ ಹಚ್ಚಿ ಗುಳ್ಳೆ ಬರುವವರೆಗೆ ಬಿಡಬೇಕು.

ಚಾರ್ಜಿನ ವೇಗಕ್ಕೂ ಲೆಕ್ಕವಿದೆ. ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪಿಯರ್, ಅಂದರೆ 150 ಎಎಚ್‌ಗೆ 15 ಆಂಪಿಯರ್ ಎಂಬುದು ರೂಢಿಯ ಸೂತ್ರ. ಕೊಳ್ಳುವಾಗ ಮೈಮೇಲಿನ ಸಿ-10, ಸಿ-20 ಎಂಬ ಗುರುತನ್ನೂ ನೋಡಬೇಕು. ಸಿ-10ರಲ್ಲಿ 150 ಎಂದರೆ 15 ಆಂಪಿಯರ್‌ನಂತೆ 10 ಗಂಟೆ. ಸಿ-20ರಲ್ಲಿ 150 ಎಂದರೆ 7.5 ಆಂಪಿಯರ್‌ನಂತೆ 20 ಗಂಟೆ. ಅದನ್ನೇ ಬೇಗ ಇಳಿಸಿದರೆ 150 ಸಿಗುವುದಿಲ್ಲ. ವೇಗ ಹೆಚ್ಚಿದಷ್ಟೂ ಸಿಗುವುದು ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿಸಿದ್ದ. ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವ ಹೊತ್ತಿನಲ್ಲಿ ಈ ಗುರುತಿನ ಕಡೆ ಕಣ್ಣು ಹಾಯಿಸುವವರು ವಿರಳ.

ಕಾವು

ಬೇಸಿಗೆಯಲ್ಲಿ ಇಲ್ಲಿ ಬಿಸಿಲು ಸಾಲದೆಂಬ ಮಾತಿಲ್ಲ. ಕಾವು ಹೆಚ್ಚಾದದ್ದೇ ತೊಡಕು. ಏಪ್ರಿಲ್‌ನಲ್ಲಿ ಪಾವಗಡ, ಶಿರಾಗಳ ಮಧ್ಯಾಹ್ನ 38, 40 ಡಿಗ್ರಿ ಮುಟ್ಟುವುದುಂಟು. ತಗಡಿನ ಸೂರಿನ ಕೆಳಗೆ ಅದು ಇನ್ನೂ ಹೆಚ್ಚು. ಬ್ಯಾಟರಿಯ ಮೈಕಾವು 10 ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಈ ಕಸುಬಿನ ಒಪ್ಪಿತ ಅಂದಾಜು. ಬಿಸಿಯಾದ ಬ್ಯಾಟರಿ ಕಡಿಮೆ ವೋಲ್ಟೇಜಿಗೇ ಗುಳ್ಳೆ ಬಿಟ್ಟು ನೀರು ಕಳೆದುಕೊಳ್ಳುತ್ತದೆ. ಹಾಗಾಗಿ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ 12 ವೋಲ್ಟಿನ ಬ್ಯಾಟರಿಗೆ 18ರಿಂದ 30 ಮಿಲಿವೋಲ್ಟ್ ಇಳಿಸಬೇಕು. ಮೈಕಾವು 40 ಡಿಗ್ರಿ ಇದ್ದರೆ 14.4ರ ಬದಲು 14ರ ಸುಮಾರು ಸಾಕು. ಒಳ್ಳೆಯ ಚಾರ್ಜ್ ಕಂಟ್ರೋಲರ್‌ಗಳಿಗೆ ಈ ಕಾವಿನ ಸೆನ್ಸರ್ ಇರುತ್ತದೆ. ಅಗ್ಗದವು ಚಳಿಗಾಲಕ್ಕೂ ಬೇಸಿಗೆಗೂ ಒಂದೇ ಅಳತೆ.

ಬ್ಯಾಟರಿ ಇಡಲು ತಕ್ಕ ಜಾಗವೆಂದರೆ ಮನೆಯ ಉತ್ತರದ ಗೋಡೆಯ ಪಕ್ಕ, ನೆರಳು, ಗಾಳಿ, ನೆಲದಿಂದ ತುಸು ಎತ್ತರ. ಕಲ್ಲುಚಪ್ಪಡಿ ಹೊದಿಸಿದ ಹಳೆಯ ಮನೆಯ ನಡುಮನೆ ತಂಪಾಗಿರುತ್ತದೆ ನಿಜ, ಆದರೆ ಗಾಳಿಯಾಡದ ಕೋಣೆ ಆಗದು. ಚಾರ್ಜಿನ ಕೊನೆಯಲ್ಲಿ ಜಲಜನಕ ಹೊರಬರುತ್ತದೆ, ಗಾಳಿಯಲ್ಲಿ ಅದು ಶೇ. 4 ಸೇರಿದರೆ ಕಿಡಿಗೆ ಸಿಡಿಯುತ್ತದೆ. ಆಯುಧಪೂಜೆಯ ದಿನ ಬ್ಯಾಟರಿಗೆ ಕುಂಕುಮ ಹಚ್ಚುವುದರಲ್ಲಿ ತಪ್ಪೇನಿಲ್ಲ, ಕರ್ಪೂರದ ಆರತಿ ಮಾತ್ರ ಚಾರ್ಜರ್ ಆರಿಸಿ ಒಂದಿಷ್ಟು ಹೊತ್ತು ಬಿಟ್ಟಮೇಲೆ ಆಗಲಿ.

ಸೋಲಾರ್ ಪ್ಯಾನೆಲ್‌ಗೂ ಕಾವು ಒಗ್ಗದು. ಸಿಲಿಕಾನ್ ಪ್ಯಾನೆಲ್‌ನ ಉತ್ಪಾದನೆ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4 ಇಳಿಯುತ್ತದೆ. ಮಧ್ಯಾಹ್ನ ಅದರ ಮೈ 60 ಡಿಗ್ರಿ ದಾಟಿರುವಾಗ ಹಲಗೆಯ ಮೇಲೆ ಬರೆದ ವಾಟಿನ ಏಳನೇ ಒಂದು ಪಾಲು ಹೀಗೇ ಆವಿ. ಸೂರಿಗೆ ಅಂಟಿಸದೆ ಕೆಳಗೆ ಗಾಳಿಯಾಡಲು ಗೇಣು ಎತ್ತರ ಬಿಟ್ಟು, ದಕ್ಷಿಣಕ್ಕೆ 14–15 ಡಿಗ್ರಿ ಓರೆಯಾಗಿ ಕೂರಿಸುವುದು ಈ ಅಕ್ಷಾಂಶಕ್ಕೆ ಸರಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮೋಡ ಉಂಟು, ಮಳೆ ಕಡಿಮೆ. ಧೂಳು ತೊಳೆದುಹೋಗುವಷ್ಟು ಹನಿಯೂ ಬೀಳದೆ ಬಿಸಿಲೂ ಬಾರದೆ ಹೋಗುವ ಆ ದಿನಗಳಲ್ಲೇ ಬ್ಯಾಟರಿಗಳು ಹಸಿದಿರುತ್ತವೆ.

ನೀರು

ಚಾರ್ಜಿನ ಕೊನೆಯಲ್ಲಿ ಗುಳ್ಳೆಗಳಾಗಿ ಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಉಳಿಯುತ್ತದೆ. ಆದುದರಿಂದ ಮೇಲೆ ತುಂಬಬೇಕಾದದ್ದೂ ನೀರು ಮಾತ್ರ. ಯಾವ ನೀರು ಎಂಬಲ್ಲಿ ಈ ಸೀಮೆಗೇ ವಿಶೇಷವಾದ ಒಂದು ತಪ್ಪು ನಡೆಯುತ್ತದೆ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಅದು ಹಲವೆಡೆ ಮೀರುತ್ತದೆ. ಹಲ್ಲು ಕಂದಿದ, ಮೂಳೆ ಬಾಗಿದ ತಲೆಮಾರುಗಳನ್ನು ಕಂಡ ಊರುಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಅಲ್ಲಿಂದ ಕ್ಯಾನಿನಲ್ಲಿ ತಂದ ಆರ್‌ಒ ನೀರು ಮನುಷ್ಯರಿಗೇ ಶುದ್ಧವಾದ ಮೇಲೆ ಬ್ಯಾಟರಿಗೆ ಆಗದೇ ಎಂದು ಸುರಿಯುವವರಿದ್ದಾರೆ.

ಆಗದು. ಆರ್‌ಒ ಯಂತ್ರ ಲವಣಗಳ ಬಹುಪಾಲನ್ನು ತೆಗೆದರೂ ರುಚಿಗೆಂದು ಹತ್ತಾರು ಪಿಪಿಎಂ ಉಳಿಸುತ್ತದೆ. ಅದರಲ್ಲಿರುವ ಕ್ಲೋರೈಡ್ ಪ್ಲಸ್ ಪ್ಲೇಟನ್ನು ತಿನ್ನುತ್ತದೆ. ಕಬ್ಬಿಣದ ಅಂಶ ಸುಮ್ಮನೆ ಕೂತ ಬ್ಯಾಟರಿಯನ್ನೂ ಒಳಗೊಳಗೇ ಇಳಿಸುತ್ತದೆ. ನೀರು ಆವಿಯಾಗಿ ಹೋದಾಗ ಲವಣ ಹೋಗುವುದಿಲ್ಲ, ಪ್ರತಿ ಸಲ ತುಂಬಿದಾಗಲೂ ಕೂಡುತ್ತ ಹೋಗುತ್ತದೆ. ಬ್ಯಾಟರಿಗೆ ಹಾಕುವ ನೀರಿನ ಗುಣಮಟ್ಟಕ್ಕೆ ಐಎಸ್ 1069 ಎಂಬ ಭಾರತೀಯ ಮಾನಕವೇ ಇದೆ. ಅಂಗಡಿಯ ಡಿಸ್ಟಿಲ್ಡ್ ವಾಟರ್ ಕ್ಯಾನನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಆರ್‌ಒ ಪರೀಕ್ಷಿಸುವ ಅದೇ ಪುಟ್ಟ ಟಿಡಿಎಸ್ ಮೀಟರನ್ನು ಅದ್ದಿದರೆ ಸೊನ್ನೆಯ ಆಸುಪಾಸು ತೋರಿಸಬೇಕು.

ನೀರು ಹಾಕುವ ಹೊತ್ತೂ ಮುಖ್ಯ. ಚಾರ್ಜಾದಂತೆ ಒಳಗಿನ ದ್ರವದ ಮಟ್ಟ ಏರುತ್ತದೆ. ಇಳಿದ ಬ್ಯಾಟರಿಗೆ ಗಂಟಲವರೆಗೆ ತುಂಬಿ ಚಾರ್ಜಿಗೆ ಹಾಕಿದರೆ ಆ್ಯಸಿಡ್ ಉಕ್ಕಿ ನೆಲದ ಪಾಲಾಗುತ್ತದೆ. ಪ್ಲೇಟು ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಉಳಿದದ್ದನ್ನು ಚಾರ್ಜಾದ ಮೇಲೆ ಹಾಕಬೇಕು. ಟ್ಯೂಬ್ಯುಲರ್ ಬ್ಯಾಟರಿಗಳ ಮುಚ್ಚಳದಲ್ಲಿ ತೇಲುಕಡ್ಡಿ ಇರುವುದರಿಂದ ಮಟ್ಟ ತಿಳಿಯುವುದು ಸುಲಭ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಕು. 'ಬ್ಯಾಟರಿ ಎಳೆಯುತ್ತಿಲ್ಲ' ಎಂದು ಹೊಸ ಆ್ಯಸಿಡ್ ಸುರಿಯುವುದು ಮಾತ್ರ ಯಾವ ಕಾಲಕ್ಕೂ ಬೇಡ: ಹೋದದ್ದು ಆ್ಯಸಿಡ್ ಅಲ್ಲ, ಅದು ಸಲ್ಫೇಟಾಗಿ ಪ್ಲೇಟಿನ ಮೇಲೇ ಇದೆ. ಟರ್ಮಿನಲ್‌ಗಳ ಮೇಲೆ ಕೂರುವ ಬಿಳಿ, ಹಸಿರು ಬೂಷ್ಟನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆದು ವ್ಯಾಸಲೀನ್ ಸವರಬಹುದು. ಸೋಡಾ ಒಳಕ್ಕೆ ಬೀಳದಂತೆ ಮುಚ್ಚಳಗಳು ಭದ್ರವಾಗಿರಬೇಕು.

ಅಳೆಯುವುದು

ಯುಪಿಎಸ್‌ನ ಮುಖದ ಮೇಲಿನ ಹಸಿರು ಗೆರೆಗಳನ್ನು ನೋಡಿ ಬ್ಯಾಟರಿ ಫುಲ್ ಎನ್ನುವುದು ಸಾಮಾನ್ಯ. ಆ ಗೆರೆಗಳು ಹೇಳುವುದು ಆ ಗಳಿಗೆಯ ವೋಲ್ಟೇಜನ್ನಷ್ಟೇ. ಚಾರ್ಜಾಗುತ್ತಿರುವಾಗ ಖಾಲಿ ಬ್ಯಾಟರಿಯೂ 14 ತೋರಿಸಬಹುದು, ಮಿಕ್ಸಿ ತಿರುಗುವಾಗ ತುಂಬಿದ ಬ್ಯಾಟರಿಯೂ 11.8ಕ್ಕೆ ಕುಸಿಯಬಹುದು. ನಿಜ ತಿಳಿಯಬೇಕಾದರೆ ಚಾರ್ಜನ್ನೂ ಲೋಡನ್ನೂ ಬಿಡಿಸಿ ಮೂರು ನಾಲ್ಕು ಗಂಟೆ ಸುಮ್ಮನಿಟ್ಟು ಮಲ್ಟಿಮೀಟರ್ ಹಿಡಿಯಬೇಕು. ತೋಟದ ಮನೆಯಲ್ಲಿ ಅದಕ್ಕೆ ಅನುಕೂಲದ ಹೊತ್ತು ಬೆಳಗಿನ ಜಾವ, ದೀಪಗಳೆಲ್ಲ ಆರಿ, ಸೂರ್ಯ ಇನ್ನೂ ಪ್ಯಾನೆಲ್ ಮುಟ್ಟದಿರುವಾಗ.

ಅಲ್ಲಿಯೂ ಒಂದು ಎಡವುಕಲ್ಲಿದೆ. ಎಲ್ಲೆಡೆ ಕಾಣುವ ಪಟ್ಟಿಗಳ ಪ್ರಕಾರ ತುಂಬಿದ ಬ್ಯಾಟರಿ 12.7 ವೋಲ್ಟ್. ಅದು ಕಾರಿನ ಬ್ಯಾಟರಿಗೆ ಸರಿ, ಅದರ ಆ್ಯಸಿಡ್‌ನ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.280. ನಮ್ಮ ಮನೆಗಳ ಟ್ಯೂಬ್ಯುಲರ್ ಬ್ಯಾಟರಿಗೆ ಬಿಸಿ ಹವೆಯನ್ನು ಗಮನದಲ್ಲಿಟ್ಟು ಸಾಮಾನ್ಯವಾಗಿ 1.240 ಗ್ರಾವಿಟಿಯ ಆ್ಯಸಿಡ್ ತುಂಬಿರುತ್ತಾರೆ. ಗ್ರಾವಿಟಿಗೆ 0.84 ಕೂಡಿಸಿದರೆ ಒಂದು ಸೆಲ್ಲಿನ ವೋಲ್ಟೇಜ್, ಆರರಿಂದ ಗುಣಿಸಿದರೆ ಇಡೀ ಬ್ಯಾಟರಿಯದು. ಆ ಲೆಕ್ಕದಲ್ಲಿ ಪೂರ್ತಿ ತುಂಬಿದ ಟ್ಯೂಬ್ಯುಲರ್ 12.5ರ ಹತ್ತಿರವೇ ನಿಲ್ಲುತ್ತದೆ. ಪಟ್ಟಿ ನೋಡಿ ಇನ್ನೂ ತುಂಬಿಲ್ಲವೆಂದು ಚಾರ್ಜ್ ಏರಿಸುತ್ತ ಹೋದರೆ ನೀರು ಕುದಿದು ಹೋಗುವುದೊಂದೇ ಫಲ. ಗ್ರಾವಿಟಿ 1.180ಕ್ಕೆ ಇಳಿದಾಗ ವೋಲ್ಟೇಜ್ 12.1, ಅದನ್ನೇ ಅರ್ಧ ಎಂದಿಟ್ಟುಕೊಂಡು ಅದಕ್ಕಿಂತ ಕೆಳಗೆ ಇಳಿಸದಿದ್ದರೆ ಬ್ಯಾಟರಿ ಬಾಳುತ್ತದೆ.

ಎಲ್ಲ ಉಪಕರಣಗಳ ಪೈಕಿ ಅಗ್ಗವಾದದ್ದೂ ಸುಳ್ಳು ಹೇಳದಿರುವುದೂ ಹೈಡ್ರೋಮೀಟರ್. ರಬ್ಬರ್ ಬುರುಡೆ ಒತ್ತಿ ಆ್ಯಸಿಡ್ ಎಳೆದು ತೇಲುವ ಕಡ್ಡಿಯ ಅಂಕಿ ಓದುವ ಗಾಜಿನ ಕೊಳವೆ ಇದು. ಆರೂ ಸೆಲ್‌ಗಳನ್ನು ಒಂದೊಂದಾಗಿ ನೋಡಿ ಬರೆದಿಡಬೇಕು. ಐದು ಸೆಲ್ 1.230 ಇದ್ದು ಒಂದು ಮಾತ್ರ 1.190 ಇದ್ದರೆ ರೋಗ ಎಲ್ಲಿದೆ ಎಂಬುದು ಅಲ್ಲೇ ಗೊತ್ತಾಯಿತು, ವೋಲ್ಟ್‌ಮೀಟರ್ ಇದನ್ನು ಎಂದೂ ಹೇಳಲಾರದು. ಅಂಥ ಬ್ಯಾಟರಿಯನ್ನು ಎಸೆಯುವ ಮುಂಚೆ ಒಮ್ಮೆ ದೀರ್ಘ ಚಾರ್ಜ್ ಕೊಟ್ಟು ನೋಡುವುದು ನ್ಯಾಯ. ನೀರು ಹಾಕಿದ ಕೂಡಲೇ ಅಳೆದರೆ ಮೇಲಿನ ಬರೀ ನೀರೇ ಬಂದು ಅಂಕಿ ತಪ್ಪಾಗುತ್ತದೆ. ಅಂಕಿಗಳು 27 ಡಿಗ್ರಿಗೆ ಹೊಂದಿಸಿದವು. ಪ್ರತಿ 10 ಡಿಗ್ರಿ ಹೆಚ್ಚಿಗೆ 0.007 ಕೂಡಿಸಬೇಕು. ಬೇಸಿಗೆಯಲ್ಲಿ 42 ಡಿಗ್ರಿ ಕಾದ ಬ್ಯಾಟರಿ 1.230 ತೋರಿಸಿದರೆ ಅದು ನಿಜಕ್ಕೂ ತುಂಬಿದೆ. ಶಿರಾ, ಮಧುಗಿರಿಗಳ ಹಳೆಯ ಆಟೋ ಎಲೆಕ್ಟ್ರಿಷಿಯನ್‌ಗಳು ಸೂತ್ರ ಹೇಳದಿದ್ದರೂ ಬಿಸಿ ಬ್ಯಾಟರಿಯ ಅಂಕಿಯನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದುತ್ತಾರೆ. ಮುಚ್ಚಿದ ಬ್ಯಾಟರಿಗಳಿಗೆ ಮಾತ್ರ ಈ ದಾರಿ ಇಲ್ಲ.

ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಎಣಿಸುವ ಷಂಟ್ ಮೀಟರ್ ದೋಣಿವಾಸಿಗಳಲ್ಲಿ ಸಾಮಾನ್ಯ, ನಮ್ಮಲ್ಲಿ ಅಪರೂಪ. ಮೈನಸ್ ತಂತಿಯ ನಡುವೆ ಕೂರಿಸಿದ ಸಣ್ಣ ರೋಧದ ಪಟ್ಟಿಯ ಮೂಲಕ ಅದು ಆಂಪಿಯರ್‌ಗಳನ್ನು ಗಂಟೆಗಳೊಂದಿಗೆ ಕೂಡಿ ಕಳೆದು ಉಳಿಕೆಯನ್ನು ಶೇಕಡಾವಾರು ತೋರಿಸುತ್ತದೆ. ಅದೂ ಲೆಕ್ಕದ ಯಂತ್ರವೇ. ಬ್ಯಾಟರಿಯ ನಿಜವಾದ ಗಾತ್ರ ಕುಗ್ಗಿರುವುದು ಅದಕ್ಕೆ ತಿಳಿಯದು, ಆಗಾಗ ಪೂರ್ತಿ ತುಂಬಿ ನೂರಕ್ಕೆ ತಂದು ನಿಲ್ಲಿಸದಿದ್ದರೆ ಅಂಕಿ ದಾರಿ ತಪ್ಪುತ್ತದೆ.

ಒಂದು ತೋಟದ ಮನೆಯ ಲೆಕ್ಕ

ಮೂರು 9 ವಾಟಿನ ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 135 ವಾಟ್-ಅವರ್. 30 ವಾಟಿನ ಬಿಎಲ್‌ಡಿಸಿ ಫ್ಯಾನು ರಾತ್ರಿ ಎಂಟು ಗಂಟೆಗೆ 240. ಟಿವಿ 40 ವಾಟ್, ಮೂರು ಗಂಟೆ, 120. ಎರಡು ಫೋನಿಗೆ 30. ಒಟ್ಟು 525. ಅರ್ಧಕ್ಕಿಂತ ಕೆಳಗೆ ಇಳಿಸದೆ ಎರಡು ಮೋಡದ ದಿನ ತಳ್ಳಬೇಕಾದರೆ 2,100 ವಾಟ್-ಅವರ್ ಸಂಗ್ರಹ ಬೇಕು, 12 ವೋಲ್ಟಿನಲ್ಲಿ ಅದು 175 ಎಎಚ್. ಎಲ್ಲರೂ ಕೊಳ್ಳುವ 150 ತುಸು ಸಾಲದು.

ಪ್ಯಾನೆಲ್ ಕಡೆ ಬಂದರೆ, ದಿನಕ್ಕೆ ಐದು ಗಂಟೆಯ ಗಟ್ಟಿ ಬಿಸಿಲು ಸಿಗುತ್ತದೆಂದು ಹಿಡಿದು, ಕಾವು, ಧೂಳು, ತಂತಿ, ಬ್ಯಾಟರಿಗಳ ನಷ್ಟ ಕಳೆದರೆ 100 ವಾಟಿನ ಪ್ಯಾನೆಲ್‌ನಿಂದ ಕೈಗೆ ಸಿಗುವುದು 300 ವಾಟ್-ಅವರ್. ಅಂದಮೇಲೆ 175 ವಾಟ್ ಸಾಕು ಎನಿಸುತ್ತದೆ. ಖರ್ಚಿಗೆ ಸಾಕು, ಬ್ಯಾಟರಿಯ ಆರೋಗ್ಯಕ್ಕೆ ಸಾಲದು: 15 ಆಂಪಿಯರ್‌ಗಿಂತ ಹೆಚ್ಚು ಬೇಡುವ ಬ್ಯಾಟರಿಗೆ ಅದು ಹತ್ತೇ ಆಂಪಿಯರ್ ಕೊಡುತ್ತದೆ. ಕನಿಷ್ಠ 300 ವಾಟ್ ಇರಲಿ. ಹಣ ಹಂಚುವಾಗ ದೊಡ್ಡ ಬ್ಯಾಟರಿಗೆ ಚಿಕ್ಕ ಪ್ಯಾನೆಲ್ ಹಾಕುವುದಕ್ಕಿಂತ ಚಿಕ್ಕ ಬ್ಯಾಟರಿಗೆ ದೊಡ್ಡ ಪ್ಯಾನೆಲ್ ಹಾಕುವುದು ಲೇಸು.

ಇಲ್ಲಿ ಕಣ್ಣಿಗೆ ಬೀಳದ ಸೋರಿಕೆಗಳಿವೆ. ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ 10ರಿಂದ 20 ವಾಟ್ ತಿನ್ನುತ್ತದೆ. ಹಗಲೂ ರಾತ್ರಿ ಬಿಟ್ಟರೆ 240ರಿಂದ 480 ವಾಟ್-ಅವರ್, ಮನೆಯ ಖರ್ಚಿನ ಅರ್ಧದಿಂದ ಹೆಚ್ಚುಕಡಿಮೆ ಪೂರ್ತಿಯಷ್ಟು! ಬಲ್ಬು, ಫ್ಯಾನುಗಳನ್ನು ನೇರ 12 ವೋಲ್ಟಿಗೆ ಹಾಕಿ ಟಿವಿಗೆ ಮಾತ್ರ ಇನ್ವರ್ಟರ್ ಒತ್ತುವುದು ಲಾಭ. ಈಗ ಅಗ್ಗವಾಗಿ ಸಿಗುವ 72 ಸೆಲ್ಲಿನ 335 ವಾಟ್ ಪ್ಯಾನೆಲ್ಲನ್ನು ಪಿಡಬ್ಲ್ಯುಎಂ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸುವುದು ಇನ್ನೊಂದು. 38 ವೋಲ್ಟಿನಲ್ಲಿ ಬರುವ ಸುಮಾರು 9 ಆಂಪಿಯರ್ ಅಷ್ಟೇ ಆಂಪಿಯರಾಗಿ 13 ವೋಲ್ಟಿಗೆ ಇಳಿಯುತ್ತದೆ, ಮೂರರಲ್ಲಿ ಎರಡು ಪಾಲು ನಷ್ಟ. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರಾಗಿ ಬದಲಿಸುತ್ತದೆ. ತಂತಿಯೂ ಅಷ್ಟೇ: 2.5 ಚದರ ಮಿಲಿಮೀಟರ್ ತಾಮ್ರದಲ್ಲಿ 10 ಆಂಪಿಯರ್ 10 ಮೀಟರ್ ಹೋಗಿ ಬರುವಷ್ಟರಲ್ಲಿ ಒಂದೂವರೆ ವೋಲ್ಟ್ ದಾರಿಯಲ್ಲೇ ಉಳಿಯುತ್ತದೆ. ಕಂಟ್ರೋಲರ್ 14.4 ಎಂದುಕೊಂಡರೆ ಬ್ಯಾಟರಿಗೆ ತಲುಪಿದ್ದು 12.9. ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕೆಂಬುದು ಇದಕ್ಕಾಗಿ.

ಸೋಲಾರ್ ಬೇಲಿಯ ಬ್ಯಾಟರಿಗೆ ಲೋಡು ಕಡಿಮೆ, ಆದರೆ ಬಿಡುವಿಲ್ಲ. ಕೊರಟಗೆರೆ, ಮಧುಗಿರಿಯ ಗುಡ್ಡದಂಚಿನ ಹೊಲಗಳಲ್ಲಿ ಮಳೆ ಬಿದ್ದು ಹುಲ್ಲು ಎದ್ದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಸೋರುತ್ತದೆ. ಬ್ಯಾಟರಿ ಕೆಟ್ಟಿದೆ ಎಂದು ಪೇಟೆಗೆ ಹೊರುವ ಮುಂಚೆ ಕುಡುಗೋಲು ಹಿಡಿದು ಬೇಲಿಯುದ್ದ ಒಂದು ಸುತ್ತು ಬರುವುದು ಒಳ್ಳೆಯದು.

ಹೆದ್ದಾರಿಯ ಬ್ಯಾಟರಿಗಳು

ಶಿರಾ ಮೇಲೆ ಹಾಯುವ ಬೆಂಗಳೂರು–ಪುಣೆ ಹೆದ್ದಾರಿಯ ಲಾರಿಗಳು ಡ್ರೈವರ್, ಕ್ಲೀನರ್‌ಗಳ ಪಾಲಿಗೆ ಮನೆಯೂ ಹೌದು. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಆಗಿರುತ್ತದೆ. ಟೇಪು, ಪುಟ್ಟ ಫ್ಯಾನು, ಫೋನಿಗೆ 12 ವೋಲ್ಟ್ ಬೇಕೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆಯುವ ರೂಢಿಯಿದೆ. ಆ ಬ್ಯಾಟರಿ ದಿನವೂ ಹಸಿಯುತ್ತದೆ, ಆಲ್ಟರ್ನೇಟರ್ ಮಾತ್ರ ಇಬ್ಬರಿಗೂ ಸಮನಾಗಿ ಬಡಿಸುತ್ತದೆ. ಒಂದು ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ, ಕೊನೆಗೆ ಎರಡೂ ಹಾಳು. ಪರಿಹಾರ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್. ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟುಗಳು ತೆಳು, ಒಮ್ಮೆಲೇ ನೂರಾರು ಆಂಪಿಯರ್ ಕೊಡಲು ಮಾಡಿದವು, ರಾತ್ರಿಯಿಡೀ ಇಳಿಯುವುದಕ್ಕಲ್ಲ. ದೋಣಿಗಳಲ್ಲಿ ಎಂಜಿನ್ನಿಗೊಂದು, ಸಂಸಾರಕ್ಕೊಂದು ಎಂದು ಬೇರೆ ಬೇರೆ ಬ್ಯಾಟರಿ ಇಟ್ಟು, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ರಿಲೇ ಮೂಲಕ ಕೂಡಿಸುವುದು ಈ ಕಾರಣಕ್ಕೇ. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಮನೆಗೆ ದೀಪ ಹಚ್ಚಿದವರು ಬಿತ್ತನೆಯ ಬೆಳಗ್ಗೆ ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತದೆ.

ಲಿಥಿಯಂ

ಮನೆಗಳಿಗೆ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ. 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8. ನೀರು ಬೇಡ, ಗುಳ್ಳೆಯಿಲ್ಲ, ತೂಕ ಕಡಿಮೆ, ಆಳಕ್ಕೆ ಇಳಿಸಿದರೂ ಕೆಲವು ಸಾವಿರ ಸಲ ತುಂಬಬಹುದು. ಸೀಸದ ಬ್ಯಾಟರಿಯಲ್ಲಿ ಕಲಿತದ್ದನ್ನು ಇಲ್ಲಿ ತಿರುಗಿಸಿಕೊಳ್ಳಬೇಕು. ಇದಕ್ಕೆ ದಿನವೂ ಪೂರ್ತಿ ತುಂಬುವ ಹಟವಿಲ್ಲ, ತಿಂಗಳುಗಟ್ಟಲೆ ಎತ್ತಿಡುವಾಗ ಅರ್ಧ ತುಂಬಿಟ್ಟರೇ ಕ್ಷೇಮ. ವೋಲ್ಟೇಜ್ ಇಲ್ಲಿ ಏನನ್ನೂ ಹೇಳದು: ಶೇ. 80ರಿಂದ 20ರವರೆಗೆ ಅಂಕಿ ಅಲುಗಾಡುವುದೇ ಇಲ್ಲ, ಆಮೇಲೆ ಒಳಗಿನ ಕಾವಲು ಸರ್ಕ್ಯೂಟ್ ಬಿಎಂಎಸ್ ತಟ್ಟನೆ ಕಡಿದುಹಾಕುತ್ತದೆ. ಷಂಟ್ ಮೀಟರ್ ಇಲ್ಲಿ ಅನಿವಾರ್ಯ. ಗರಿಷ್ಠ 14.6 ವೋಲ್ಟ್ ದಾಟಬಾರದಾದ್ದರಿಂದ ಹಳೆಯ ಯುಪಿಎಸ್‌ಗೆ ಇದನ್ನು ಜೋಡಿಸುವ ಮುಂಚೆ ಅದರ ಚಾರ್ಜ್ ವೋಲ್ಟೇಜ್ ಅಳೆಯಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದೆಂಬ ಎಚ್ಚರಿಕೆ ಪಾವಗಡದವರಿಗೆ ತಮಾಷೆಯಾಗಿ ಕಂಡೀತು; 45 ಡಿಗ್ರಿಯ ಮೇಲಿನ ಕಾವು ಇದನ್ನೂ ಬೇಗ ಮುದಿಯಾಗಿಸುತ್ತದೆಂಬುದು ತಮಾಷೆಯಲ್ಲ.

ಕಲಿಕೆ ಮತ್ತು ವಿಲೇವಾರಿ

ಈ ತಿಳಿವಳಿಕೆ ಹರಡಿದ್ದು ಪಠ್ಯದಿಂದಲ್ಲ, ಬಸ್ ನಿಲ್ದಾಣದ ಆಸುಪಾಸಿನ ಬ್ಯಾಟರಿ ಅಂಗಡಿಗಳು, ಗ್ಯಾರೇಜುಗಳು, ಐಟಿಐ ಮುಗಿಸಿದ ಹುಡುಗರ ಮೂಲಕ. ಕರ್ನಾಟಕದ ಹಳ್ಳಿಗಳಲ್ಲಿ ಸೋಲಾರ್ ದೀಪವನ್ನು ಮಾರಿ ಮರೆಯುವ ಸರಕಾಗಿಸದೆ ಬ್ಯಾಂಕ್ ಸಾಲ ಮತ್ತು ಮನೆಬಾಗಿಲ ಸೇವೆಯೊಂದಿಗೆ ಕೊಡುವ ಪದ್ಧತಿಯನ್ನು ಬೆಳೆಸಿದ್ದು ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸರ್ಕಾರಿ ಯೋಜನೆಗಳಲ್ಲಿ ಹಾಕಿದ ಬೀದಿದೀಪಗಳು ಎರಡು ಮೂರು ವರ್ಷಕ್ಕೆ ಕಣ್ಣುಮುಚ್ಚುವುದನ್ನು ನೋಡಿದರೆ, ಪ್ಯಾನೆಲ್‌ಗೆ ಹಣವಿಟ್ಟು ನಿಗಾಕ್ಕೆ ಜನ ಇಡದಿರುವುದೇ ಕಾರಣವೆನಿಸುತ್ತದೆ.

ಸತ್ತ ಸೀಸದ ಬ್ಯಾಟರಿಗೆ ತೂಕದ ಬೆಲೆ ಇರುವುದರಿಂದ ಅದು ತಿಪ್ಪೆ ಸೇರುವುದು ಕಡಿಮೆ. ಹೊಸದಕ್ಕೆ ವಿನಿಮಯವಾಗಿ ಅಂಗಡಿಗೇ ಮರಳುತ್ತದೆ. 2001ರ ಬ್ಯಾಟರಿ ನಿಯಮಗಳು ವ್ಯಾಪಾರಿಗೆ ಹಳೆಯದನ್ನು ವಾಪಸು ಪಡೆಯುವ ಹೊಣೆ ಹೊರಿಸಿದ್ದವು. ಅವುಗಳ ಜಾಗಕ್ಕೆ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಸೇರಿದಂತೆ ಎಲ್ಲ ಬಗೆಯನ್ನೂ ಒಳಗೊಂಡು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಇಟ್ಟಿವೆ. ಅಡ್ಡದಾರಿ ಇರುವುದು ಗುಜರಿಯವರಲ್ಲಿ: ತೂಕ ಇಳಿಸಲು ಆ್ಯಸಿಡನ್ನು ನೆಲಕ್ಕೆ ಸುರಿಸಿ, ಬಯಲಲ್ಲಿ ಪೆಟ್ಟಿಗೆ ಒಡೆದು ಸೀಸ ಕರಗಿಸುವುದು. ಸೀಸದ ಹೊಗೆ ಮತ್ತು ಧೂಳು ಮೊದಲು ತಟ್ಟುವುದು ಮಕ್ಕಳ ಮಿದುಳಿಗೆ. ಆ್ಯಸಿಡ್ ಚೆಲ್ಲದೆ, ಮುಚ್ಚಳ ಮುಚ್ಚಿ, ನೆಟ್ಟಗೆ ನಿಲ್ಲಿಸಿ ಬ್ಯಾಟರಿಯನ್ನು ಅಂಗಡಿಗೆ ಸಾಗಿಸಬೇಕು, ಬಿಲ್ಲಿನಲ್ಲಿ ವಿನಿಮಯದ ಮೊತ್ತ ಬರೆಸಿಕೊಳ್ಳಬೇಕು.